ಗೋಡೆಯ ಮೇಲಿನ ಎಂಟೂವರೆ ಕಿಲೋ

ಕೊಣ್ಣೂರಿನ ಹತ್ತಿರ ಘಟಪ್ರಭೆಯ ದಂಡೆಗೆ ಒಂದು ಚಹಾದಂಗಡಿಯಿದೆ. ಅದರ ಗೋಡೆಯ ಮೇಲೆ ಇದ್ದಲಿನಿಂದ ಬರೆದ ಎರಡು ಸಾಲುಗಳಿವೆ. ಮೇಲಿನದು ನನ್ನ ಗೆಳೆಯ ಹಿಡಿದ ಮೀನಿನದು, ಎಂಟು ಕಿಲೋ ಇನ್ನೂರು ಗ್ರಾಂ. ಅದಕ್ಕೆ ಅಡ್ಡ ಗೆರೆ ಬಿದ್ದಿದೆ. ಕೆಳಗಿನದು ನನ್ನ ಮೀನು, ಎಂಟೂವರೆ ಕಿಲೋ. ಎರಡನ್ನೂ ಬರೆದವನು ಅವನೇ, ಗೆರೆ ಎಳೆದವನೂ ಅವನೇ.

ಭಾನುವಾರ ಗಾಳ ಹಾಕಲು ಸೇರುವವರು ನಾವು ಏಳೆಂಟು ಮಂದಿ. ಮೂಡಲಗಿ, ಹುಕ್ಕೇರಿಯಿಂದಲೂ ಬರುತ್ತಿದ್ದರು. ನಮ್ಮಲ್ಲೊಂದು ಪದ್ಧತಿಯಿತ್ತು. ಯಾರ ದಾಖಲೆ ಮುರಿಯುತ್ತದೋ ಅವನೇ ತೂಕದ ಕಾಟಾ ಎತ್ತಿ ಹಿಡಿದು ಮುಳ್ಳು ಓದಬೇಕು, ಅವನೇ ಬರೆಯಬೇಕು. ಸೋತವನೇ ಸಾಕ್ಷಿಯಾದರೆ ಆಮೇಲೆ ಯಾರೂ ತಕರಾರು ತೆಗೆಯುವುದಿಲ್ಲ.

ಅವತ್ತು ನನ್ನ ಗಾಳಕ್ಕೆ ದೊಡ್ಡದೊಂದು ಕಟ್ಲಾ ಮೀನು ಬಿತ್ತು. ಗೆಳೆಯ ಹಿಟ್ಟಿನ ಗಿರಣಿಯವನು, ಚೀಲ ಎತ್ತಿಯೇ ತೂಕ ಹೇಳುವವನು. ಗೋಡೆಯ ಮೇಲಿನ ಮೊದಲ ದಾಖಲೆ ಅವನದೇ; ಗಿರಣಿಯ ತಕ್ಕಡಿಯಲ್ಲಿ ತೂಗಿ ತಾನೇ ಬರೆದಿದ್ದ. ನನ್ನ ಸ್ಪ್ರಿಂಗ್ ಕಾಟಾದ ಕೊಕ್ಕೆಗೆ ಮೀನು ಸಿಕ್ಕಿಸಿ ಎತ್ತಿದ. ಮುಳ್ಳು ನೋಡಿದ, ಮೀನು ನೋಡಿದ, ಮತ್ತೆ ಮುಳ್ಳು ನೋಡಿದ.

“ಎಂಟೂವರಿ ತೋರಸ್ತೈತಿ. ಗಿರಣಿಗೆ ಒಯ್ದು ಇನ್ನೊಮ್ಮೆ ತೂಗೂಣು,” ಎಂದ.

ನನಗೆ ಮೈಯೆಲ್ಲ ಉರಿಯಿತು. ಮೂವತ್ತು ವರ್ಷ ಶಾಲೆಯಲ್ಲಿ ಲೆಕ್ಕ ಕಲಿಸಿದವನು ನಾನು. “ಸೋತಿ ಅಂತ ಹೊಟ್ಟಿ ಉರೀತೈತೇನು?” ಎಂದುಬಿಟ್ಟೆ, ಎಲ್ಲರೆದುರು. ಅವನು ಇದ್ದಲಿನ ಚೂರು ಎತ್ತಿಕೊಂಡು ಗೋಡೆಯತ್ತ ಹೋದ. ಮೀನನ್ನು ಅಲ್ಲೇ ಸಾರು ಮಾಡಿ ಉಂಡೆವು. ಅವನೂ ಉಂಡ.

ಆ ಮಳೆಗಾಲದಲ್ಲೇ ಎದೆನೋವು ಬಂದು ತೀರಿಕೊಂಡ. ಕಳೆದ ತಿಂಗಳು ಜೋಳ ಬೀಸಿಸಲು ಅವನ ಗಿರಣಿಗೆ ಹೋಗಿದ್ದೆ. ಏನನ್ನಿಸಿತೋ, ಚೀಲದಲ್ಲಿದ್ದ ಸ್ಪ್ರಿಂಗ್ ಕಾಟಾ ತೆಗೆದು ಅಲ್ಲಿನ ಐದು ಕಿಲೋ ತೂಕದ ಕಲ್ಲನ್ನು ಕೊಕ್ಕೆಗೆ ಹಾಕಿದೆ. ಮುಳ್ಳು ಐದೂವರೆಗೆ ಹೋಗಿ ನಿಂತಿತು. ಇನ್ನೊಮ್ಮೆ ಹಾಕಿದೆ. ಆಗಲೂ ಐದೂವರೆ.

ನನ್ನ ಮೀನು ಎಂಟು ಕಿಲೋ ದಾಟಿರಲಿಲ್ಲ. ಅವನ ಕೈಗೆ ಅದು ಅವತ್ತೇ ಗೊತ್ತಾಗಿತ್ತು. ಮುಳ್ಳು ನೋಡಿ ಮೀನು ನೋಡಿದ ಆ ಮುಖ ಈಗ ನನ್ನನ್ನು ಬಿಡುತ್ತಿಲ್ಲ. ಗೋಕಾಕದ ಬಸ್ಸಿನಲ್ಲಿ ಕೂತರೆ ಎದುರು ಸೀಟಿನಲ್ಲಿರುತ್ತದೆ, ಉಣ್ಣಲು ಕೂತರೆ ತಾಟಿನ ಆಚೆಗಿರುತ್ತದೆ. ತಪ್ಪಾಯಿತು ಎನ್ನಲು ಅವನಿಲ್ಲ, ತಿರುಗಿ ತೂಗಲು ಮೀನಿಲ್ಲ.

ಒದ್ದೆ ಬಟ್ಟೆ ಹಿಡಿದು ಚಹಾದಂಗಡಿಗೆ ಹೋದೆ. ಅಂಗಡಿಯವನು ಕೈ ಅಡ್ಡ ಹಿಡಿದ.

“ಒರಸಬ್ಯಾಡ್ರಿ ಮಾಸ್ತರ. ಸುಣ್ಣಾ ಹಚ್ಚುವಾಗ ಇಷ್ಟು ಜಾಗಾ ಬಿಟ್ಟೇನಿ. ಅವರ ಅಕ್ಷರ ಇದೊಂದ ಉಳದೈತಿ.”

ಬಟ್ಟೆಯನ್ನು ಹಿಂಡಿ ಚೀಲಕ್ಕೆ ಹಾಕಿಕೊಂಡೆ. ಈಗ ಹೊಸಬರು ಯಾರು ಬಂದರೂ ನಾನೇ ಹೇಳುತ್ತೇನೆ: ನನ್ನ ಕಾಟಾ ತಪ್ಪಿತ್ತು, ಗೆದ್ದವನು ಮೇಲಿನ ಸಾಲಿನವನು. ಅವರು ಗೋಡೆ ನೋಡಿ ನಗುತ್ತಾರೆ.

“ಅವರ ಸ್ವಂತ ಕೈಲೆ ಬರದಾರಲ್ರಿ ಮಾಸ್ತರ, ಇನ್ನೇನು ಸಾಕ್ಷಿ ಬೇಕು?”