ಬಿದ್ದಣ್ಣನವರು ನಿಂತ ಪ್ರಸಂಗ

ಲೋಕದಲ್ಲಿ ಬೀಳುವವರಿಗೇನೂ ಬರವಿಲ್ಲ. ಕೆಲವರು ಹಟಕ್ಕೆ ಬೀಳುತ್ತಾರೆ, ಕೆಲವರು ದುಂಬಾಲು ಬೀಳುತ್ತಾರೆ, ಗಂಟು ಬೀಳುವವರನ್ನಂತೂ ಎಣಿಸಿ ಪೂರೈಸುವುದಿಲ್ಲ. ಆದರೆ ಬರಿದೆ ಬೀಳುವುದನ್ನೇ ಒಂದು ಮಹಾವಿದ್ಯೆಯಾಗಿ ಬೆಳೆಸಿ, ಅದರಲ್ಲಿ ದಿಗ್ವಿಜಯ ಸಾಧಿಸಿದವರು ಒಬ್ಬರೇ: ಜೂಡೋ ಶಾಲೆಯ ಬಿದ್ದಣ್ಣನವರು. ಅವರ ಜಾಕೆಟ್ಟಿನ ಕೊರಳಪಟ್ಟಿಗೆ ಎದುರಿನವರ ಬೆರಳು ತಾಕಿದರೆ ಸಾಕು, ಭೂಮಿತಾಯಿ ಹೆಸರು ಹಿಡಿದು ಕರೆದಳೆಂಬಂತೆ ಹೊರಟುಬಿಡುತ್ತಿದ್ದರು. ಗಾಳಿಯಲ್ಲಿ ಒಂದು ಸುತ್ತು, ಗದ್ದ ಎದೆಗೆ, ಇಳಿಯುವಾಗ ಅಂಗೈಯಿಂದ ಮ್ಯಾಟಿಗೆ ಛಟೀರೆಂದು ಒಂದು ಏಟು. ಆ ಸದ್ದು ಕೇಳಿ ಕೆಳಗಿನ ಅಂಗಡಿಯ ಗಡಿಯಾರ ರಿಪೇರಿಯವನು ತನ್ನ ಗಡಿಯಾರಗಳ ಮುಳ್ಳು ಸರಿಮಾಡಿಕೊಳ್ಳುತ್ತಿದ್ದನಂತೆ. ಯಾರೋ ಕಿಟಕಿ ತೆರೆದಾಗ ಬಂದ ಗಾಳಿಗೆ ಒಮ್ಮೆ ಶಾಸ್ತ್ರೋಕ್ತವಾಗಿ ಬಿದ್ದಿದ್ದರೆಂದೂ, ಪಕ್ಕದವನು ಸೀನಿದ್ದಕ್ಕೆ ಇನ್ನೊಮ್ಮೆ ಬಿದ್ದರೆಂದೂ ಪ್ರತೀತಿಯಿದೆ. ಜಟ್ಟಿ ಜಾರಿ ಬಿದ್ದರೆ ಅದೂ ಒಂದು ಪಟ್ಟು ಎನ್ನುತ್ತಾರಲ್ಲ, ಬಿದ್ದಣ್ಣನವರಿಗೆ ಗೊತ್ತಿದ್ದದ್ದು ಆ ಒಂದೇ ಪಟ್ಟು.

ಹೆತ್ತವರು ಇಟ್ಟ ಹೆಸರೊಂದು ಅವರಿಗೂ ಇತ್ತು. ಅದನ್ನು ಹೆಂಡತಿ ಕೂಡ ಮರೆತಿದ್ದಳು, ಏಕೆಂದರೆ ಮದುವೆಯಾದಂದಿನಿಂದ ‘ರೀ’ ಎಂಬ ಒಂದಕ್ಷರದಲ್ಲೇ ಅವಳ ಸಂಸಾರ ನಡೆದಿತ್ತು. ಉದ್ಯೋಗ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ. ನೆಲಮಾಳಿಗೆ, ಆಳೆತ್ತರದ ಒಗೆಯುವ ಯಂತ್ರಗಳು, ಹಬೆ, ಒದ್ದೆ ಬೆಡ್‌ಶೀಟುಗಳ ಹೆಣಭಾರದ ಹೊರೆ. ಯಂತ್ರದಿಂದ ಎಳೆದು ಗಾಡಿಗೆ, ಗಾಡಿಯಿಂದ ಎತ್ತಿ ಇಸ್ತ್ರಿಯ ಉರುಳೆಗೆ, ಮಡಿಸಿ ಮತ್ತೆ ಗಾಡಿಗೆ. ಊರಿನ ಜನ ಮಲಗುವ ಹಾಸಿಗೆಗೆಲ್ಲ ಹೊದಿಕೆ ಒದಗಿಸುವ ಮನುಷ್ಯನಿಗೆ ತಾನು ಕೂರಲು ಒಂದು ಸ್ಟೂಲಿರಲಿಲ್ಲ. ಸಂಜೆ ಹೊರಗೆ ಬರುವಾಗ ಸೊಂಟ ಒಂದು ಕಡೆ, ಕಾಲು ಒಂದು ಕಡೆ, ಪ್ರಾಣ ಎರಡರ ನಡುವೆ ಎಲ್ಲೋ.

ಅಂಥವರು ಜೂಡೋ ಶಾಲೆಯ ಮೆಟ್ಟಿಲು ಹತ್ತಿದ್ದೇಕೆ ಎಂಬುದು ದೊಡ್ಡ ರಹಸ್ಯವೇನಲ್ಲ. ಶಾಲೆಯ ಜಾಕೆಟ್ಟುಗಳನ್ನು ಒಗೆಸಿಕೊಡಿ ಎಂದು ಮೇಷ್ಟ್ರು ಒಮ್ಮೆ ಕೇಳಿಕೊಂಡಿದ್ದರು. ಒಗೆದ ಗಂಟು ಹೊತ್ತು ತಂದವರನ್ನು ಅಲ್ಲೇ ತಡೆದು, ‘ಜೋಡಿ ಸಾಲ್ತಿಲ್ಲ, ಒಂದ್ನಿಮಿಷ ಇವರ ಎದುರಿಗೆ ನಿಂತ್ಕೊಳ್ಳಿ’ ಎಂದರು. ನಿಂತರು. ಯಾರೋ ಎಸೆದರು. ಬಿದ್ದ ಬಿದ್ದಣ್ಣನವರು ಮೇಲಿನ ಫ್ಯಾನು ನೋಡುತ್ತ ಮಲಗಿದರು. ಆಗ ಅವರಿಗೆ ಜ್ಞಾನೋದಯವಾಯಿತು: ನಿಂತವನಿಗೆ ಕೆಲಸ ಹೇಳುತ್ತಾರೆ, ಕೂತವನಿಗೂ ಹೇಳುತ್ತಾರೆ, ಬಿದ್ದವನಿಗೆ ಮಾತ್ರ ಯಾರೂ ಹೇಳುವುದಿಲ್ಲ. ಮರುದಿನವೇ ಸೇರಿಕೊಂಡರು.

ಶಾಲೆಯಲ್ಲಿ ಅವರಿಗೆ ಸಿಕ್ಕ ಮರ್ಯಾದೆ ಸಾಮಾನ್ಯದ್ದಲ್ಲ. ಹೊಸಬರೆಲ್ಲ ‘ಅಣ್ಣಾ, ಇವತ್ತು ನನ್ ಜೋಡಿ’ ಎಂದು ಮುತ್ತಿಕೊಳ್ಳುತ್ತಿದ್ದರು. ಹಿಂದಿನ ದಿನ ಬೆಲ್ಟು ಕಟ್ಟಲು ಕಲಿತವನೂ ಬಿದ್ದಣ್ಣನವರನ್ನು ಎತ್ತಿ ಒಗೆದು, ಭೀಮನ ಗತ್ತಿನಲ್ಲಿ ಸುತ್ತ ನೋಡುತ್ತಿದ್ದ. ಇದರಲ್ಲೇನೋ ತಪ್ಪಿದೆ ಎಂದು ಯಾರಿಗೂ ಹೊಳೆಯಲಿಲ್ಲ, ಕಂಡಕ್ಟರಮ್ಮ ಕಪ್ಪು ಬೆಲ್ಟಿನ ಪರೀಕ್ಷೆಗೆ ಕೂರುವವರೆಗೆ.

ಈ ಕಂಡಕ್ಟರಮ್ಮ ಸಿಟಿ ಬಸ್ಸಿನವಳು. ದಿನವಿಡೀ ಭುಜ, ಮೊಣಕೈ, ಬ್ಯಾಗುಗಳ ನಡುವೆ ತಳ್ಳಿಸಿಕೊಂಡು ಓಡಾಡುವವಳಿಗೆ, ತಾನು ನಿಂತ ಜಾಗದಲ್ಲಿ ತಾನು ನಿಲ್ಲಬಹುದು ಎಂದು ಹೇಳಿಕೊಟ್ಟಿದ್ದು ಜೂಡೋ ಶಾಲೆಯ ಆ ಮಾಳಿಗೆಯ ಕೋಣೆ. ಶಾಲೆಯಲ್ಲಿ ಕಪ್ಪಿಗೆ ಒಂದೇ ಮೆಟ್ಟಿಲು ಕೆಳಗಿನ ಕಂದು ಬೆಲ್ಟಿನವರೆಗೆ ಏರಿದವಳು ಅವಳೊಬ್ಬಳೇ. ಮೇಷ್ಟ್ರ ಮಂಡಿ ಸವೆದು, ಮೆಟ್ಟಿಲೆಂದರೆ ಕಣ್ಣಲ್ಲಿ ನೀರು ಬರುವ ಸ್ಥಿತಿಯಾಗಿ, ಶಾಲೆ ಬಿಡುವ ಮಾತಾಡುತ್ತಿದ್ದರು. ಕಪ್ಪು ಬೆಲ್ಟಿನವರು ಇಲ್ಲದ ಶಾಲೆಯನ್ನು ಜೂಡೋ ಸಂಘದವರು ನಡೆಸಗೊಡುವುದಿಲ್ಲ. ಅವಳು ಪಾಸಾದರೆ ಶಾಲೆ ಅವಳ ಕೈಗೆ. ಇಲ್ಲದಿದ್ದರೆ ಬಾಗಿಲಿಗೆ ಬೀಗ.

ಅವಳು ಜೋಡಿಯಾಗಿ ಬಿದ್ದಣ್ಣನವರನ್ನೇ ಕರೆದೊಯ್ದಿದ್ದಳು. ಸೊಂಟದ ಮೇಲೆ ಹೇರಿ ಎಸೆಯುವ ಪಟ್ಟು. ಅವಳು ತಿರುಗಿದಳೋ ಇಲ್ಲವೋ, ಬಿದ್ದಣ್ಣನವರು ಹಾರಿಯಾಗಿತ್ತು. ದಪ್ಪ ಕನ್ನಡಕದ ಪರೀಕ್ಷಕರು ಎರಡು ಸಲ ನೋಡಿ, ಮೂರನೆಯದಕ್ಕೆ ಕೈ ಎತ್ತಿದರು.

‘ಏನಮ್ಮಾ, ನೀನು ಎಸೀತಿದೀಯೋ, ಇವರೇ ಮಲಗ್ತಿದಾರೋ?’

ಸಾಲಾಗಿ ಕೂತವರೆಲ್ಲ ನಕ್ಕರು. ಪರೀಕ್ಷಕರು ತಾವೇ ಎದ್ದು ಬಂದು ಎದುರಿಗೆ ನಿಂತು, ‘ನನ್ನ ಎಸಿ ನೋಡೋಣ’ ಎಂದರು. ಅವಳು ಎಳೆದಳು, ತಿರುಗಿದಳು, ಎತ್ತಿದಳು. ಅವರು ಗೋಡೆಗೆ ಹೊಡೆದ ಮೊಳೆಯಂತೆ ಇದ್ದಲ್ಲೇ ಇದ್ದರು. ‘ಇನ್ನೊಂದು ಸಲ ಬಾ. ಅಷ್ಟರಲ್ಲಿ ಕಲಿತ್ಕೊಂಡು ಬಾ’ ಎಂದರು.

ಬಸ್ ನಿಲ್ದಾಣದವರೆಗೆ ಅವಳು ಮುಂದೆ ಮುಂದೆ ಬಿರುಸಾಗಿ ನಡೆದಳು. ಆಮೇಲೆ ತಿರುಗಿ ನಿಂತಳು.

‘ಅಣ್ಣಾ, ಒಂದ್ ಮಾತ್ ಕೇಳ್ತೀನಿ. ನಾನು ಯಾವತ್ತಾದ್ರೂ ನಿಜವಾಗ್ಲೂ ನಿಮ್ಮನ್ನ ಕೆಡವಿದೀನಾ?’

ಬಿದ್ದಣ್ಣನವರು ಚಪ್ಪಲಿ ನೋಡಿಕೊಂಡರು. ‘ಒಂದೆರಡು ಸಲ ಇರ್ಬೇಕಮ್ಮ.’

‘ಇರ್ಬೇಕಾ!’

‘ಬೇಜಾರ್ ಮಾಡ್ಕೋಬೇಡ. ಬೇರೆಯವರನ್ನ ಜೋಡಿ ಮಾಡ್ಕೋ, ನಾನು ಒಪ್ಕೋತೀನಿ.’

‘ಇದೇ ನೋಡಿ, ಇದಕ್ಕೂ ಒಪ್ಕೋತೀರಿ! ಬೇರೆಯವರು ಬೇಡ. ನಿಮ್ಮನ್ನೇ ಕೆಡವ್ತೀನಿ. ನೀವು ಬೀಳಬಾರದು, ಅಷ್ಟೇ.’

ಆಯ್ತು ಎಂದರು ಬಿದ್ದಣ್ಣನವರು. ಅವರು ಯಾರಿಗೆ ಆಯ್ತು ಅಂದಿಲ್ಲ?

ಮೀನಿಗೆ ಈಜಬೇಡ ಅಂದಂತಾಯಿತು. ಮರುದಿನ ಅವಳು ತೋಳು ಹಿಡಿದ ಕೂಡಲೆ ಬಿದ್ದಣ್ಣನವರ ಮನಸ್ಸು ‘ನಿಲ್ಲು’ ಅಂದಿತು, ದೇಹ ಅಷ್ಟರಲ್ಲಿ ಮ್ಯಾಟು ತಲುಪಿತ್ತು. ‘ಅಣ್ಣಾ!’ ಎಂದು ಅವಳು ಕಿರುಚಿದಳು. ‘ಬಾಯಿ ತಪ್ಪಿದ ಹಾಗೆ ಮೈ ತಪ್ಪಿತಮ್ಮ’ ಎಂದು ಎದ್ದರು. ಮುಂದಿನ ಸಲ ಹಲ್ಲು ಕಚ್ಚಿ, ಹಿಂದಕ್ಕೆ ವಾಲಿ, ಕೈ ಮರದ ಕೊರಡು ಮಾಡಿಕೊಂಡು ನಿಂತರು. ಅವಳ ಭುಜ ಕಳಕ್ಕೆಂದಿತು. ಮೂಲೆಯ ಕುರ್ಚಿಯಲ್ಲಿ ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡಿದ್ದ ಮೇಷ್ಟ್ರು ಗುಡುಗಿದರು.

‘ಏನಯ್ಯಾ, ಮೂಟೆ ಆಗು ಅಂದ್ರೆ ಮೂಟೆ, ಗೋಡೆ ಆಗು ಅಂದ್ರೆ ಗೋಡೆ! ಮನುಷ್ಯ ಆಗಕ್ಕೆ ಬರಲ್ವಾ ನಿಂಗೆ? ಅವಳು ಹೇಗೆ ತಿರುಗ್ತಾಳೆ ಅಂತ ಮೊದಲೇ ಗೊತ್ತಿಟ್ಕೊಂಡು ತಡೆದ್ರೆ ದೇವರೂ ಎಸೆಯಕ್ಕಾಗಲ್ಲ. ಸುಮ್ನೆ ನೆಟ್ಟಗೆ ನಿಂತ್ಕೋ. ನಿನ್ ಭಾರ ನಿನ್ ಕಾಲ್ಮೇಲಿರ್ಲಿ. ಅವಳು ಅದನ್ನ ಕಿತ್ಕೊಂಡ್ರೆ ಬೀಳು, ಕಿತ್ಕೊಳ್ಳದಿದ್ರೆ ನಿಲ್ಲು.’

ಕೇಳಲು ಎಷ್ಟು ಸುಲಭ! ಬಿದ್ದಣ್ಣನವರು ಸುಸ್ತಾಗಿ ಮನೆಗೆ ಹೋದರು. ಮೊದಲು ಬಿದ್ದು ಸುಧಾರಿಸಿಕೊಳ್ಳುತ್ತಿದ್ದರು. ಈಗ ಅಲ್ಲೂ ನಿಲ್ಲುವ ಕೆಲಸ. ಹೆಂಡತಿ ಬಾಗಿಲಲ್ಲೇ ಶುರುಮಾಡಿದಳು.

‘ರೀ, ಮಂಚ ಕಿಟಕಿ ಕಡೆ ಸರಿಸೋಣ.’

‘ಆಯ್ತು.’

‘ಏನು ಆಯ್ತು? ಕಿಟಕೀಲಿ ಬಸ್ಸಿನ ಧೂಳು ಬರಲ್ವಾ?’

‘ಹೌದು, ಬೇಡ ಬಿಡು.’

ಅವಳು ಕೈಯಲ್ಲಿದ್ದ ಸೌಟನ್ನು ಮೇಜಿನ ಮೇಲೆ ಕುಕ್ಕಿದಳು. ‘ಮದುವೆಯಾದಾಗಿನಿಂದ ನಾನು ಗಾಳಿ ಜೊತೆ ಜಗಳ ಆಡ್ತಿದೀನಿ ಕಣ್ರೀ! ನೂಕಿದ್ರೆ ಹಿಂದೆ, ಎಳೆದ್ರೆ ಮುಂದೆ. ಅತ್ತ ಕಡೆ ಒಬ್ಬ ಆಳಿದ್ರೆ ತಾನೇ ಇತ್ತ ಕಡೆಯವರಿಗೆ ಗೆದ್ದ ಹಾಗೆ ಆಗೋದು? ಒಂದು ದಿನನಾದ್ರೂ ಆಗಲ್ಲ ಅನ್ನಿ ನೋಡೋಣ!’

ಬಿದ್ದಣ್ಣನವರು ಅವಳನ್ನೇ ನೋಡಿದರು. ಆಸ್ಪತ್ರೆಯಲ್ಲಿ ಸೂಪರ್‌ವೈಸರಿಗೂ ಕಂಡಕ್ಟರಮ್ಮನಿಗೂ ಇವಳಿಗೂ ತಾನು ಕೊಟ್ಟದ್ದು ಒಂದೇ ಸರಕು ಎಂದು ಅವರಿಗೆ ಮೊದಲ ಸಲ ಅನ್ನಿಸಿತು. ಅದನ್ನು ಒಳ್ಳೆಯತನ ಎಂದು ಅಂದುಕೊಂಡಿದ್ದರು. ಬರೀ ದಣಿವಾಗಿತ್ತು ಅದು. ಬೇಗ ಮುಗಿದರೆ ಸಾಕು ಎಂಬ ದಣಿವು. ಅವರು ಗಂಟಲು ಸರಿಮಾಡಿಕೊಂಡರು.

‘ಮಂಚ ಸರಿಸೋದು ಬೇಡ.’

‘ಯಾಕೆ?’

‘ಬೆಳಗ್ಗೆ ಬಿಸಿಲು ನೇರ ಮುಖಕ್ಕೆ ಹೊಡಿಯುತ್ತೆ. ನನಗೆ ನಿದ್ದೆ ಬೇಕು.’

ಹೆಂಡತಿ ಒಂದು ಕ್ಷಣ ಬೆರಗಾದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡಳು. ಆ ಮನೆಯಲ್ಲಿ ಅಂದು ನಡೆದದ್ದು ಸಾಮಾನ್ಯ ಯುದ್ಧವಲ್ಲ. ಪರದೆ, ಧೂಳು, ಅತ್ತೆಯ ಮಾತು, ಎಂದೋ ಒಡೆದ ಹೂಜಿ, ಎಲ್ಲವೂ ರಣರಂಗಕ್ಕೆ ಬಂದವು. ಮಂಚ ಕೊನೆಗೆ ಕಿಟಕಿಯ ಕಡೆಗೇ ಸರಿಯಿತು. ಆದರೆ ನ್ಯಾಯವಾಗಿ ಸರಿಯಿತು. ಹೆಂಡತಿ ಬೆವರು ಒರೆಸಿಕೊಂಡು, ತುಂಬ ದಿನದಿಂದ ಕಾಣದ ಒಂದು ಕಳೆಯಲ್ಲಿ, ‘ಊಟಕ್ಕೆ ಬನ್ನಿ’ ಎಂದಳು.

ಮಾರನೆಯ ಸಂಜೆ ಬಿದ್ದಣ್ಣನವರು ಮ್ಯಾಟಿನ ಮೇಲೆ ನಿಂತರು. ಬಿಗಿಯಲಿಲ್ಲ, ವಾಲಲಿಲ್ಲ. ಕಂಡಕ್ಟರಮ್ಮ ತಿರುಗಿ ಒಳಹೊಕ್ಕಳು, ಎತ್ತಿದಳು, ಏನೂ ಆಗಲಿಲ್ಲ. ಮತ್ತೆ ಬಂದಳು. ಮತ್ತೆ. ಅವಳ ಮುಖ ಕೆಂಪಾಗಿ, ಆಮೇಲೆ ಬಿಳಿಚಿತು.

‘ಇಷ್ಟು ವರ್ಷ ನಾನೇನೂ ಕಲ್ತೇ ಇಲ್ವಾ ಮೇಷ್ಟ್ರೇ?’

‘ತಿರುಗೋದು ಕಲ್ತಿದೀಯ’ ಎಂದರು ಮೇಷ್ಟ್ರು, ಮೆತ್ತಗೆ. ‘ಅಲುಗಾಡಿಸೋದು ಕಲ್ತಿಲ್ಲ. ಅಗತ್ಯಾನೇ ಬಿದ್ದಿರ್ಲಿಲ್ವಲ್ಲ. ಮೊದಲು ಅವನನ್ನ ಕಾಲ್ಬೆರಳ ತುದಿಗೆ ತಗೊಂಡ್ ಬಾ. ಅವನ ತೋಳನ್ನ, ನಿನ್ ಕೈಗಡಿಯಾರ ನೋಡ್ಕೊಳ್ಳೋ ಹಾಗೆ, ಮೇಲಕ್ಕೆ ಎಳಿ. ನಿನ್ ಸೊಂಟ ಅವನ ಸೊಂಟಕ್ಕಿಂತ ಕೆಳಗಿರ್ಬೇಕು. ಎಸಿಯೋದು ಕೊನೇ ಮಾತು.’

ಅಂದು ಅವಳು ಬಿದ್ದಣ್ಣನವರಿಗೆ ಹೋಗಿಬರ್ತೀನಿ ಎಂದೂ ಹೇಳದೆ ಇಳಿದುಹೋದಳು. ಆಮೇಲೆಯೂ ಕೆಲವು ಸಂಜೆ ಮಾತಿಲ್ಲ, ಕತೆಯಿಲ್ಲ. ಬಂದು ತೋಳು ಹಿಡಿಯುವುದು, ಎಳೆಯುವುದು, ಒಳಗೆ ಹೋಗುವುದು, ಎಸೆಯದೆ ಹೊರಗೆ ಬರುವುದು. ಗಾಣದೆತ್ತಿನ ತಿರುಗಾಟ. ಬಿದ್ದಣ್ಣನವರ ಕಾಲು ಸೀಸವಾಗಿತ್ತು. ಪಕ್ಕದಲ್ಲೇ ಮ್ಯಾಟು, ಮೆತ್ತಗೆ, ನೀಲಿಯಾಗಿ, ಬಾರೋ ಎನ್ನುತ್ತಿತ್ತು. ಇವರು ನಿಂತೇ ಇದ್ದರು. ತುದಿಗಾಲಿಗೆ ಬಂದಾಗ ‘ಹ್ಞೂಂ’ ಅನ್ನುತ್ತಿದ್ದರು, ಬರದಿದ್ದಾಗ ‘ಇಲ್ಲಮ್ಮ’. ಒಂದು ದಿನ ‘ಹ್ಞೂಂ’ ಹೇಳುವ ಮೊದಲೇ ಫ್ಯಾನು ಕಾಲ ಕೆಳಗೆ ಕಾಣಿಸಿತು. ಅವಳು ಜೋರಾಗಿ ನಕ್ಕು, ‘ಅಣ್ಣಾ, ಪೆಟ್ಟಾಯ್ತಾ?’ ಎಂದಳು. ಅಂದಿನಿಂದ ಮಾತು ಮತ್ತೆ ಶುರುವಾಯಿತು. ಆದರೆ ಆ ಎಸೆತ ಹತ್ತು ಸಲಕ್ಕೆ ಒಂದು ಸಲ ಬರುತ್ತಿತ್ತು, ಉಳಿದದ್ದಕ್ಕೆ ಕೈಕೊಡುತ್ತಿತ್ತು.

ಪರೀಕ್ಷೆಯ ಹಿಂದಿನ ದಿನ ಸೂಪರ್‌ವೈಸರ್, ‘ನಾಳೆ ಬೆಳಗಿನ ಪಾಳಿಗೆ ಬಂದ್ಬಿಡಯ್ಯ, ಜನ ಇಲ್ಲ’ ಎಂದ. ಬಿದ್ದಣ್ಣನವರು ಆಯ್ತು ಎಂದುಬಿಟ್ಟರು. ಹೆಂಡತಿಯ ಎದುರು ಗಂಡಸಾದದ್ದೇನೋ ಸರಿ, ಸೂಪರ್‌ವೈಸರ್ ಎದುರು ಆಗುವುದಕ್ಕೆ ಇನ್ನೂ ಸಮಯ ಬೇಕಿತ್ತು. ಹಾಗಾಗಿ ಅವರು ಪರೀಕ್ಷೆಗೆ ಬಂದದ್ದು ಲಾಂಡ್ರಿಯಿಂದ ನೇರವಾಗಿ, ಎದ್ದೆನೋ ಬಿದ್ದೆನೋ ಎಂದು ಓಡಿಕೊಂಡು. ಮೈಯಲ್ಲಿ ಸೋಪಿನ ವಾಸನೆ, ಕಣ್ಣಿನ ಕೆಳಗೆ ಚೀಲ. ಅದೇ ದಪ್ಪ ಕನ್ನಡಕದ ಪರೀಕ್ಷಕರು ಅವರನ್ನು ಗುರುತು ಹಿಡಿದು ನಿಟ್ಟುಸಿರು ಬಿಟ್ಟರು.

‘ಇವರನ್ನೇ ಕರ್ಕೊಂಡ್ ಬಂದ್ಯಾ ಮತ್ತೆ?’

‘ಇವರನ್ನೇ ಸಾರ್.’

‘ಸರಿ. ಶುರುಮಾಡು.’

ಅವಳು ತೋಳು ಹಿಡಿದು ತಿರುಗಿದಳು. ಅವಸರವಾಯಿತು. ಎಳೆತ ಸಾಲದು, ಸೊಂಟ ಮೇಲಾಯಿತು. ಬಿದ್ದಣ್ಣನವರಿಗೆ ಅದು ಕಾಲ್ಬೆರಳಿನಲ್ಲೇ ತಿಳಿಯಿತು. ಈಗ ಹಾರಿಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಇಷ್ಟು ಸಣ್ಣ ಉಪಕಾರ. ಅವಳಿಗೆ ಬೆಲ್ಟು, ಶಾಲೆಗೆ ಬಾಗಿಲು, ತನಗೆ ಮೆತ್ತನೆಯ ನೆಲ. ಇಡೀ ಮೈ, ಉಗುರಿನಿಂದ ಕೂದಲಿನವರೆಗೆ, ಮಲಗು ಮಲಗು ಎಂದು ಅಂಗಲಾಚಿತು.

ಬಿದ್ದಣ್ಣನವರು ನಿಂತರು.

ಕೋಣೆಯಲ್ಲಿ ಯಾರೋ ‘ಅಯ್ಯೋ’ ಎಂದರು. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಕಂಡಕ್ಟರಮ್ಮ ಹೊರಗೆ ಬಂದು, ಬಿದ್ದಣ್ಣನವರ ಮುಖ ನೋಡಿದಳು. ಕೋಪದಿಂದಲ್ಲ; ಬಸ್ಸಿನಲ್ಲಿ ಸರಿಯಾದ ಚಿಲ್ಲರೆ ಕೈಗೆ ಬಂದಾಗ ನೋಡುವಂತೆ.

‘ಇಲ್ಲಮ್ಮ’ ಎಂದರು ಅವರು, ಅವಳಿಗಷ್ಟೇ ಕೇಳುವಂತೆ.

ಅವಳು ಉಸಿರು ತೆಗೆದುಕೊಂಡಳು. ತೋಳನ್ನು ಮೇಲಕ್ಕೆಳೆದಳು, ಗಡಿಯಾರ ನೋಡುವವಳಂತೆ. ಬಿದ್ದಣ್ಣನವರ ಹಿಮ್ಮಡಿ ಎದ್ದಿತು. ಅವರು ಅದನ್ನು ಮತ್ತೆ ಊರಲು ಪ್ರಾಮಾಣಿಕವಾಗಿ ಪ್ರಯತ್ನಪಟ್ಟರು. ಆಗಲಿಲ್ಲ. ಅವಳು ಕೆಳಗಿದ್ದಳು, ಒಳಗಿದ್ದಳು, ಎಲ್ಲ ಕಡೆಯೂ ಇದ್ದಳು. ದೀಪ ತಿರುಗಿತು, ಕಿಟಕಿ ತಿರುಗಿತು, ಪರೀಕ್ಷಕರ ಕನ್ನಡಕ ತಲೆಕೆಳಗಾಗಿ ಹಾದುಹೋಯಿತು. ಛಟೀರ್! ಬಿದ್ದಾಗಲೂ ಅವಳು ಅವರ ತೋಳು ಬಿಟ್ಟಿರಲಿಲ್ಲ. ತಲೆಗೆ ಪೆಟ್ಟಾಗದಂತೆ ಮೇಲೆತ್ತಿ ಹಿಡಿದಿದ್ದಳು.

ಪರೀಕ್ಷಕರು ಇನ್ನೊಂದು ಸಲ ಮಾಡಿಸಲಿಲ್ಲ. ‘ಹಾಂ, ಇದು’ ಎಂದು ಮೇಷ್ಟ್ರ ಕಡೆ ತಿರುಗಿ ತಲೆಯಾಡಿಸಿದರು. ‘ಶಾಲೆ ಇವಳ ಕೈಲಿ ಸರಿಯಾಗಿರುತ್ತೆ. ಬೆಲ್ಟು ಕೊಡೋಣ.’ ಮೇಷ್ಟ್ರು ಮಂಡಿ ಮರೆತು ಎದ್ದು ನಿಂತು, ಮಂಡಿ ನೆನಪಾಗಿ ಮತ್ತೆ ಕೂತರು. ಕಂಡಕ್ಟರಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ಎಲ್ಲರೂ ಅವಳನ್ನು ಮುತ್ತಿಕೊಂಡಾಗ ಪರೀಕ್ಷಕರು ಮಾತ್ರ ಇನ್ನೂ ಮಲಗಿಯೇ ಇದ್ದ ಬಿದ್ದಣ್ಣನವರ ಬಳಿ ಬಂದು, ಬಾಗಿ, ದೊಡ್ಡ ಗುರುಗಳ ಮುಂದೆ ನಿಂತವರಂತೆ ಕೈ ಕಟ್ಟಿದರು.

‘ಸ್ವಾಮಿ, ಮೊದಲನೇ ಸಲ ನೀವು ನಿಂತ್ರಲ್ಲ, ಅದಕ್ಕೆ ಗುಂಡಿಗೆ ಬೇಕು. ಆಮೇಲೆ ಬಿದ್ದದ್ದೂ ಹಾಗೇ, ನೂರಕ್ಕೆ ನೂರು ಸತ್ಯ. ಇಂಥ ಜೋಡಿ ನಾನು ನೋಡಿಲ್ಲ. ದಯವಿಟ್ಟು ಹೇಳಿ, ಆ ಗಾಳಿಯಲ್ಲಿದ್ದ ಕ್ಷಣದಲ್ಲಿ ನಿಮ್ಮ ಮನಸ್ಸಿನಲ್ಲಿ ಏನಿತ್ತು?’

ಬಿದ್ದಣ್ಣನವರು ಕಣ್ಣು ತೆರೆಯದೆ ಸ್ವಲ್ಪ ಯೋಚಿಸಿದರು.

‘ಏನಿಲ್ಲ ಸಾರ್. ಮತ್ತೆ ಏಳ್ಬೇಕಲ್ಲಪ್ಪಾ ಅಂತ.’