ಇಲಿಗಳನ್ನು ಕರೆದವಳು

"ಪೌಡರ್ ಹಾಕ್ತೀರಾ?"

ಶಿಡ್ಲಘಟ್ಟದಲ್ಲಿ ನನಗೆ ಬಾಡಿಗೆ ಕೋಣೆ ಕೊಟ್ಟ ಹೆಂಗಸು ಕೇಳಿದ ಮೊದಲ ಪ್ರಶ್ನೆ ಇದು. ಅದಕ್ಕೂ ಮುಂಚೆ ನೋಡಿದ ನಾಲ್ಕು ಮನೆಗಳಲ್ಲಿ ಬೇರೆಯೇ ಪ್ರಶ್ನೆಗಳಿದ್ದವು. ಗಂಡ ಎಲ್ಲಿ, ಅಣ್ಣತಮ್ಮಂದಿರು ಯಾರೂ ಇಲ್ಲವಾ, ಹೆಣ್ಣೊಬ್ಬಳೇ ಯಾಕೆ ಬಂದಿರಿ. ಗೌರಿಬಿದನೂರಿನಲ್ಲಿ ಕಾಯಿಲೆಯ ಅಮ್ಮನನ್ನು ನೋಡಿಕೊಳ್ಳುತ್ತಾ ಮೂವತ್ತನಾಲ್ಕು ವರ್ಷ ದಾಟಿದವಳು ನಾನು. ಅಮ್ಮ ತೀರಿಕೊಂಡ ಮೇಲೆ ಆ ಮನೆಯಲ್ಲಿ ಇರಲಾಗದೆ ವರ್ಗ ಮಾಡಿಸಿಕೊಂಡು ಬಂದಿದ್ದೆ. ಒಂದು ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಕೆಲಸ. ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಇದನ್ನೆಲ್ಲ ನಾಲ್ಕು ಸಲ ಒಪ್ಪಿಸಿ ಗಂಟಲು ಒಣಗಿದ್ದವಳಿಗೆ ಪೌಡರಿನ ಪ್ರಶ್ನೆ ಕೇಳಿ ನಗು ಬಂತು.

"ಬಿಡಿ ಅಂದ್ರೆ ಬಿಡ್ತೀನಿ" ಎಂದೆ.

"ಹಂಗಾದ್ರೆ ಬನ್ನಿ. ಒಳಗೆ ಹುಳ ಮೇಯಿಸ್ತೀನಿ ಕಣಮ್ಮಾ. ಹುಳಕ್ಕೆ ವಾಸನೆ ಆಗಲ್ಲ. ಪೌಡರ್ ಬೇಡ, ಊದುಬತ್ತಿ ಬೇಡ, ಸೊಳ್ಳೆಬತ್ತಿ ಬೇಡ. ಒಗ್ಗರಣೆ ಹಾಕೋವಾಗ ಬೀದಿ ಬಾಗಿಲು ತೆಗೀರಿ."

ಹೀಗೆ ಆ ಮನೆ ಸೇರಿದೆ. ಉದ್ದನೆಯ ಹೆಂಚಿನ ಮನೆ. ಬೀದಿಯ ಕಡೆಗೆ ನನ್ನ ಕೋಣೆ, ಅದರ ಹಿಂದೆ ರೇಷ್ಮೆ ಹುಳು ಸಾಕುವ ದೊಡ್ಡ ಕೋಣೆ, ಅದರಾಚೆ ಆಕೆಯ ಅಡುಗೆಮನೆ ಮತ್ತು ಹಿತ್ತಿಲು. ನನ್ನ ಕೋಣೆಗೂ ಹುಳು ಮನೆಗೂ ನಡುವೆ ಒಂದು ಬಾಗಿಲಿತ್ತು. ಎರಡೂ ಕಡೆಯಿಂದ ಚಿಲಕ. ಗೋಡೆ ಹೆಂಚಿನವರೆಗೂ ಹೋಗಿರಲಿಲ್ಲ, ಮೇಲೆ ಒಂದು ಗೇಣು ಜಾಗ ಬಿಟ್ಟಿತ್ತು. ಅಲ್ಲಿಂದ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಬರುತ್ತಿತ್ತು. ಸಾವಿರಾರು ಹುಳುಗಳು ಒಟ್ಟಿಗೆ ಸೊಪ್ಪು ತಿನ್ನುವ ಸದ್ದೂ ಬರುತ್ತಿತ್ತು. ಅದನ್ನು ಎಲ್ಲರೂ ಮಳೆ ಹನಿದ ಹಾಗೆ ಎನ್ನುತ್ತಾರೆ. ನನಗೆ ಮಾತ್ರ ಪಕ್ಕದಲ್ಲಿ ಒಂದು ದೊಡ್ಡ ಸಂಸಾರ ಊಟಕ್ಕೆ ಕುಳಿತಿದೆ, ನನ್ನನ್ನು ಕರೆದಿಲ್ಲ ಅನ್ನಿಸುತ್ತಿತ್ತು.

ಮನೆಯಾಕೆಗೆ ಐವತ್ತರ ಮೇಲೆ ವಯಸ್ಸು. ಗಂಡ ಇರಲಿಲ್ಲ. ಇಬ್ಬರು ಹೆಣ್ಣುಮಕ್ಕಳೂ ಮದುವೆಯಾಗಿ ಹೋಗಿದ್ದರು, ಒಬ್ಬಳು ಜಂಗಮಕೋಟೆಗೆ, ಇನ್ನೊಬ್ಬಳು ಆಂಧ್ರದ ಕಡೆಗೆ. ಸೊಪ್ಪು ತಂದು ಹಾಕಲು ತೋಟದಿಂದ ಒಬ್ಬ ಆಳು ಬಂದು ಹೋಗುತ್ತಿದ್ದ, ಅಷ್ಟೇ. ದಿನವಿಡೀ ಆಕೆ ಸೊಪ್ಪು ಕತ್ತರಿಸುವುದು, ತಟ್ಟೆಗೆ ಹಾಕುವುದು, ಕಸ ತೆಗೆಯುವುದು. ಹುಳುಗಳ ಜೊತೆ ತೆಲುಗಿನಲ್ಲಿ ಮಾತಾಡುತ್ತಿದ್ದರು. ನನ್ನ ಜೊತೆ ಕನ್ನಡದಲ್ಲಿ, ಅದೂ ತಿಂಗಳಿಗೊಮ್ಮೆ ಬಾಡಿಗೆ ಕೊಡುವಾಗ. ನಾನು ಆಫೀಸಿನವಳು, ಓದಿದವಳು, ತೊಂದರೆ ಕೊಡಬಾರದು ಎಂದು ಆಕೆ ದೂರ ಇದ್ದರು. ನಾನೋ, ಯಾರನ್ನೂ ಕರೆದು ಮಾತಾಡಿಸಿ ಗೊತ್ತಿಲ್ಲದ ಪ್ರಾಣಿ. ಅಮ್ಮನ ಹಾಸಿಗೆಯ ಪಕ್ಕದಲ್ಲಿ ಬೆಳೆದ ಅಭ್ಯಾಸ ಅದು. ಬಂದವರನ್ನು ಬೇಗ ಸಾಗಹಾಕುವುದು ಗೊತ್ತಿತ್ತು, ಬನ್ನಿ ಎನ್ನುವುದು ಗೊತ್ತಿರಲಿಲ್ಲ.

ಭಾನುವಾರಗಳು ಸಾಯಿಸಿಬಿಡುತ್ತಿದ್ದವು. ಬಟ್ಟೆ ಒಗೆದು, ತಲೆಗೆ ನೀರು ಹಾಕಿಕೊಂಡು, ಅನ್ನ ಸಾರು ಮಾಡಿ ಉಂಡರೂ ಗಂಟೆ ಹನ್ನೊಂದೂವರೆ. ಆಮೇಲೆ ಸಂಜೆಯವರೆಗೂ ಬಾಯಿ ಬಿಡುವ ಸಂದರ್ಭವೇ ಇಲ್ಲ. ಒಮ್ಮೆ ಸೋಮವಾರ ಆಫೀಸಿನಲ್ಲಿ ಮೊದಲ ಮಾತಾಡಿದಾಗ ನನ್ನ ದನಿ ನನಗೇ ಬೇರೆಯವರದು ಅನ್ನಿಸಿ ಗಾಬರಿಯಾಗಿತ್ತು.

ಇಲಿ ಬಂದದ್ದು ಆಗ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಅಕ್ಕಿ ಚೀಲದ ಮೂಲೆ ತೂತು, ಅಲಮಾರಿಯ ಕಾಗದದ ಮೇಲೆ ಕರಿ ಹಿಕ್ಕೆ. ನನ್ನ ಪಾಡಿಗೆ ನಾನು ಪಾಷಾಣ ತಂದು ಇಟ್ಟುಬಿಡುತ್ತಿದ್ದೆನೋ ಏನೋ, ಆದರೆ ಆ ಮನೆಯಲ್ಲಿ ಅದಕ್ಕೂ ಅಪ್ಪಣೆ ಬೇಕಲ್ಲ. ನಡುವಿನ ಬಾಗಿಲ ಬಳಿ ನಿಂತು ಕೆಮ್ಮಿದೆ. ಆಕೆ ಚಿಲಕ ತೆಗೆದರು. ನಾನು "ಇಲಿ" ಎನ್ನುವಷ್ಟರಲ್ಲಿ ತುಟಿಯ ಮೇಲೆ ಬೆರಳಿಟ್ಟರು.

"ಜೋರಾಗಿ ಅನ್ಬೇಡಿ. ಕೇಳಿಸ್ಕೊಂಡ್ರೆ ಬೋನಿಗೆ ಬೀಳಲ್ಲ, ಸೀರೆ ಕಡಿದಾಕ್ತದೆ. ಆಯಪ್ಪ ಅನ್ನಿ, ಸಾಕು."

ಪಾಷಾಣ ಕೂಡದು, ಅದನ್ನು ತಿಂದು ಹೋಗಿ ಹುಳುವಿನ ತಟ್ಟೆಯಲ್ಲಿ ಸತ್ತರೆ ಮುಗಿಯಿತು. ಬೆಕ್ಕೂ ಕೂಡದು, ಸೊಪ್ಪು ಬೆಚ್ಚಗಿರುತ್ತದೆಂದು ತಟ್ಟೆಯ ಮೇಲೇ ಮಲಗುತ್ತದಂತೆ. ಹಾಗಾಗಿ ಮರದ ಬೋನು ಬಂತು. ಕೊಬ್ಬರಿ ಚೂರನ್ನು ಸುಟ್ಟು ಕೊಕ್ಕೆಗೆ ಸಿಕ್ಕಿಸಲು ಆಕೆಯೇ ತೋರಿಸಿಕೊಟ್ಟರು. "ಬಿದ್ದ ಮೇಲೆ ನೀವು ಮುಟ್ಬೇಡಿ, ನಿಮ್ಮ ಕೈಲಿ ಆಗಲ್ಲ. ಬೆಳಿಗ್ಗೆ ನಾನೇ ಬಂದು ತಗೊಂಡೋಗ್ತೀನಿ" ಎಂದರು.

ಮಾರನೇ ದಿನವೇ ಬಿತ್ತು. ಆಕೆ ಬಂದರು, ಬೋನನ್ನು ಹಿತ್ತಿಲಿಗೆ ಒಯ್ದು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ತೊಳೆದು, ತಂದು ಕೊಟ್ಟರು. ನಾನು ಕಾಫಿಗೆ ಇಟ್ಟಿದ್ದೆ. ಕೊಡದೆ ಇರಲು ಆಗಲಿಲ್ಲ. ಹೊಸ್ತಿಲ ಮೇಲೆ ಕುಳಿತು ಕುಡಿದರು. ಹಾಲು ಯಾರ ಮನೆಯದು, ಇಷ್ಟು ನೀರು ಯಾಕೆ ಎಂದು ಬೈದರು. ನಮ್ಮಮ್ಮ ಹೇಗೆ ಹೋದರೆಂದು ಕೇಳಿದರು. ಮೂರು ತಿಂಗಳಲ್ಲಿ ನನ್ನ ಹತ್ತಿರ ಅದನ್ನು ಕೇಳಿದವರು ಯಾರೂ ಇರಲಿಲ್ಲ. ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟೆ. ಆಕೆ ಸೊಪ್ಪಿನ ಕರೆ ಹತ್ತಿದ ಕೈಯಿಂದ ನನ್ನ ಮೊಣಕಾಲನ್ನು ಎರಡು ಸಲ ತಟ್ಟಿ ಎದ್ದು ಹೋದರು, ಹುಳುಗಳಿಗೆ ಹೊತ್ತಾಗಿತ್ತು.

ಆ ವಾರ ಮೂರು ಇಲಿ ಬಿದ್ದವು. ಮೂರು ಬೆಳಿಗ್ಗೆ ಆಕೆ ಬಂದರು. ಮೂರನೆಯ ದಿನಕ್ಕೆ 'ನೀವು' ಹೋಗಿ 'ನೀನು' ಆಗಿತ್ತು. ಆಮೇಲೆ ಇಲಿ ನಿಂತುಹೋದವು.

"ಬಿತ್ತಾ ಅಮ್ಮಾ?" ಎಂದು ಗೋಡೆಯಾಚೆಯಿಂದ ಕೇಳುತ್ತಿದ್ದರು.

"ಇಲ್ಲ."

"ಹಂಗಾದ್ರೆ ಸರಿ."

ಅಷ್ಟೇ. ಚಿಲಕ ತೆಗೆಯುತ್ತಿರಲಿಲ್ಲ. ಹತ್ತು ದಿನ ಹೀಗೆ ಕಳೆಯಿತು. ದಿನವೂ ಒಂದು ಲೋಟ ಹಾಲು ಜಾಸ್ತಿ ತರಿಸಿ, ಕಾಯಿಸಿ, ಸಂಜೆ ಮೊಸರಿಗೆ ಹಾಕುತ್ತಿದ್ದೆ. ಮೊಸರು ತಿಂದು ತಿಂದು ನೆಗಡಿಯಾಯಿತು. ಬುದ್ಧಿ ಇದ್ದವರು ಏನು ಮಾಡುತ್ತಿದ್ದರು? "ಬನ್ನಿ, ಕಾಫಿ ಕುಡಿಯೋಣ" ಎನ್ನುತ್ತಿದ್ದರು. ಎರಡು ಮಾತು. ಅದನ್ನು ಬಿಟ್ಟು ನಾನು ಮಾಡಿದ್ದನ್ನು ಇವತ್ತಿಗೂ ಆ ಮನೆಯಿಂದಾಚೆ ಯಾರಿಗೂ ಹೇಳಿಲ್ಲ.

ಗೋಡೆಯ ಮೇಲಿನ ಆ ಒಂದು ಗೇಣು ಜಾಗದ ಕೆಳಗೆ ನನ್ನ ಕಡೆ ಒಂದು ಹಲಗೆ ಇತ್ತು. ಸ್ಟೂಲ್ ಹತ್ತಿ, ಒಂದು ತೆಂಗಿನ ಕರಟದಲ್ಲಿ ಕಡಲೆಕಾಯಿ ಬೀಜ, ಪುರಿ, ಒಂದಿಷ್ಟು ಬೆಲ್ಲ ಹಾಕಿ ಅಲ್ಲಿಟ್ಟೆ. ಇಲಿಗಳು ಬರಲಿ ಎಂದು. ಬಂದು, ಒಂದೊಂದಾಗಿ ಬೋನಿಗೆ ಬೀಳಲಿ ಎಂದು. ಎರಡೇ ದಿನಕ್ಕೆ ಕರಟ ಖಾಲಿಯಾಯಿತು, ಮೂರನೆಯ ದಿನ ಬೋನಿಗೆ ಬಿತ್ತು. ಗೋಡೆಯಾಚೆಯಿಂದ "ಬಿತ್ತಾ?" ಎಂದ ತಕ್ಷಣ ನಾನು "ಹೂಂ, ಬಿತ್ತು!" ಎಂದ ದನಿಯಲ್ಲಿ ಎಷ್ಟು ಸಂತೋಷವಿತ್ತೆಂದರೆ ಆಕೆ ನಗುತ್ತಲೇ ಬಂದರು. "ಏನಮ್ಮಾ, ಹುಲಿ ಹಿಡ್ದವಳಂಗೆ ಕೂಗ್ತೀಯಾ" ಎಂದರು.

ಅದಾದ ಮೇಲೆ ವಾರಕ್ಕೆ ಎರಡು, ಮೂರು ಬೆಳಿಗ್ಗೆ ನನ್ನವಾದವು. ಆಕೆ ಹುಳುಗಳ ಸುದ್ದಿ ಹೇಳುತ್ತಿದ್ದರು. ಹುಳುಗಳು ಪೊರೆ ಬಿಡುವಾಗ ತಿನ್ನುವುದು ನಿಲ್ಲಿಸಿ ತಲೆ ಎತ್ತಿ ಕೂರುತ್ತವೆ. ಅದಕ್ಕೆ ಅಲ್ಲಿನವರು ಜ್ವರ ಎನ್ನುತ್ತಾರೆ. "ನಾಲ್ಕನೇ ಜ್ವರ ಎದ್ದವೆ. ಇನ್ನು ಎಂಟು ದಿನ, ಹಣ್ಣಾಗ್ತವೆ" ಎಂದು ಮಗಳ ಹೆರಿಗೆಯ ಮಾತಾಡಿದಂತೆ ಹೇಳಿದರು. ನಾನು ಕಾಫಿ ಬಸಿಯುತ್ತಾ ಕೇಳುತ್ತಿದ್ದೆ. ಅಷ್ಟು ಸುಖವಾಗಿ ನಾನು ಯಾವತ್ತೂ ಬೆಳಗನ್ನು ಕಂಡಿರಲಿಲ್ಲ. ಕರಟಕ್ಕೆ ದಿನವೂ ಬೀಜ ಹಾಕುತ್ತಿದ್ದೆ. ಬೋನಿಗೆ ಬಿದ್ದದ್ದು ಒಂದಾದರೆ ಬೀಳದೆ ತಿಂದು ಕೊಬ್ಬಿದವು ಎಷ್ಟು ಎಂದು ಯೋಚಿಸುವ ಗೋಜಿಗೇ ಹೋಗಲಿಲ್ಲ.

ಹುಳುಗಳು ಹಣ್ಣಾದವು. ಗೂಡು ಕಟ್ಟಲೆಂದು ಅವನ್ನು ಚಂದ್ರಂಕಿಗಳಿಗೆ, ಅಂದರೆ ಬಿದಿರಿನ ಚಾಪೆಗೆ ಸುತ್ತು ಸುತ್ತಾಗಿ ಪಟ್ಟಿ ಹೊಲಿದ ತಟ್ಟೆಗಳಿಗೆ ಬಿಟ್ಟು, ಗೋಡೆಗೆ ಒರಗಿಸಿ ಸಾಲಾಗಿ ನಿಲ್ಲಿಸಿದರು. ಹುಳು ಸಾಕುವ ತಟ್ಟೆಗಳ ಸ್ಟ್ಯಾಂಡಿಗೆ ಇರುವೆ ಹತ್ತದಂತೆ ಕಾಲಿಗೊಂದು ನೀರಿನ ಬಟ್ಟಲಿರುತ್ತದೆ. ಚಂದ್ರಂಕಿಗೆ ಅದೂ ಇಲ್ಲ. ಒರಗಿಸಿದ್ದು ನಮ್ಮಿಬ್ಬರ ನಡುವಿನ ಗೋಡೆಗೇ.

ನಾಲ್ಕನೆಯ ಬೆಳಿಗ್ಗೆ ಆಕೆ "ಬಿತ್ತಾ?" ಎಂದು ಕೇಳಲಿಲ್ಲ. "ಅಯ್ಯೋ ದೇವುಡಾ" ಎಂಬ ಕೂಗು ಕೇಳಿಸಿತು. ಆಕೆಯ ಕಡೆ ಚಿಲಕ ಹಾಕಿರಲಿಲ್ಲ, ಬಾಗಿಲು ತೆಗೆದು ಓಡಿದೆ. ಚಂದ್ರಂಕಿಗಳಲ್ಲಿದ್ದ ಗೂಡುಗಳನ್ನು ಇಲಿಗಳು ಕಚ್ಚಿ ಹರಿದಿದ್ದವು. ಒಳಗಿನ ಹುಳು ತಿಂದು, ಚಿಪ್ಪನ್ನು ಬಿಟ್ಟಿದ್ದವು. ತಿನ್ನದೆ ಉಳಿಸಿದ ಗೂಡುಗಳ ಮೇಲೂ ಕಲೆ. ಬಿಳಿ ಎಳೆಗಳನ್ನು ನೆಲದ ತುಂಬ ಎಳೆದಾಡಿದ್ದವು. ಕೊನೆಯ ಎರಡು ಸಾಲು ಮಾತ್ರ ಚೆನ್ನಾಗಿದ್ದವು.

ಆಕೆ ಅಳಲಿಲ್ಲ. ಏಣಿ ತಂದು ಗೋಡೆಗೆ ಇಟ್ಟು ಹತ್ತಿದರು, ಎಲ್ಲಿಂದ ಬಂದವು ನೋಡಲು. ನಾನು ಕೆಳಗೆ ನಿಂತಿದ್ದೆ. ಆಚೆ ಕೈ ಹಾಕಿ ತಡವಿ, ಕರಟವನ್ನು ಹಿಡಿದುಕೊಂಡು ಇಳಿದರು. ಅದರಲ್ಲಿ ಹಿಂದಿನ ಸಂಜೆ ನಾನು ಹಾಕಿದ್ದ ಬೆಲ್ಲದ ಚೂರು ಇನ್ನೂ ಉಳಿದಿತ್ತು.

"ಇದೇನಮ್ಮಾ?"

ಸುಳ್ಳು ಹೇಳಬಹುದಿತ್ತು, ಹೊಳೆಯಲಿಲ್ಲ. "ಇಲಿ ಬಿದ್ದರೆ ನೀವು ಬರ್ತೀರಿ ಅಂತ" ಎಂದೆ.

ಆಕೆ ಕರಟವನ್ನು ನೆಲದ ಮೇಲಿಟ್ಟರು. ಬಯ್ಯಲಿ ಎಂದು ಕಾದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಬಾ ಅಂತ ಕರೀಬಾರ್ದಾಗಿತ್ತಾ?" ಎಂದಷ್ಟೇ ಕೇಳಿದರು. ಆಮೇಲೆ ಕುಳಿತು ಒಳ್ಳೆಯ ಗೂಡುಗಳನ್ನು ಬೇರೆ ಮಾಡತೊಡಗಿದರು. ನಾನೂ ಕುಳಿತೆ. ಮಧ್ಯಾಹ್ನದವರೆಗೂ ಇಬ್ಬರೂ ಬಿಡಿಸಿದೆವು. ಆಫೀಸಿಗೆ ರಜೆ ಚೀಟಿಯನ್ನೂ ಕಳಿಸಲಿಲ್ಲ.

ಆಕೆ ಕೋಣೆ ಬಿಡು ಎನ್ನಲಿಲ್ಲ. ಗೋಡೆಯ ಮೇಲಿನ ಸಂದಿಗೆ ತಂತಿ ಬಲೆ ಹೊಡೆಸಿದರು. ಬೋನನ್ನು ವಾಪಸು ತೆಗೆದುಕೊಂಡು ಹೋದರು. ಎದುರು ಸಿಕ್ಕರೆ "ಊಟ ಆಯ್ತಾ" ಎನ್ನುತ್ತಿದ್ದರು. ಅವರ ಮನಸ್ಸಿನಲ್ಲಿ ಸಿಟ್ಟಿತ್ತೋ, ನಾನು ಕರೆಯಲಿ ಎಂದು ಕಾದಿದ್ದರೋ, ನನಗೆ ತಿಳಿಯಲಿಲ್ಲ. ಎಷ್ಟೋ ಬೆಳಿಗ್ಗೆ ನಡುವಿನ ಬಾಗಿಲ ಮುಂದೆ ನಿಂತಿದ್ದೇನೆ. ಆಚೆ ಸೊಪ್ಪು ಕತ್ತರಿಸುವ ಸದ್ದು ಕೇಳುತ್ತಿತ್ತು. ಅಷ್ಟು ಹಾಳು ಮಾಡಿದವಳು ಯಾವ ಮುಖ ಇಟ್ಟುಕೊಂಡು ಕಾಫಿಗೆ ಕರೆಯಲಿ ಎಂದು ಹಿಂದೆ ಬರುತ್ತಿದ್ದೆ. ನಾಚಿಕೆ ಒಂದು ನೆಪ. ಕರೆಯಲು ಬಾರದ ರೋಗ ಮೊದಲಿನದೇ.

ಎರಡು ವರ್ಷ ಹೀಗೇ ಇದ್ದೆ. ಕೊನೆಗೆ ಚಿಂತಾಮಣಿಗೆ ವರ್ಗವಾಯಿತು. ಒಂದು ಮಧ್ಯಾಹ್ನ ಟ್ರಂಕು, ಪಾತ್ರೆ ಚೀಲ, ಸ್ಟೌ ಎಲ್ಲವನ್ನೂ ಬಾಗಿಲ ಬಳಿ ಪೇರಿಸಿ ಟೆಂಪೊಗೆ ಕಾಯುತ್ತಾ ಹಾಸಿಗೆ ಸುರುಳಿಯ ಮೇಲೆ ಕುಳಿತಿದ್ದೆ. ಬಾಡಿಗೆ ಕೊಟ್ಟಾಗಿತ್ತು, ಹೇಳಿ ಹೋಗುವುದೂ ಆಗಿತ್ತು, ಇನ್ನೇನೂ ಕೆಲಸವಿರಲಿಲ್ಲ. ಖಾಲಿ ಕೋಣೆ ನೋಡುತ್ತಾ ನೋಡುತ್ತಾ ನನಗೇ ತಿಳಿಯದಂತೆ ಗಟ್ಟಿಯಾಗಿ "ಅಕ್ಕಾ, ಬನ್ನಿ" ಎಂದುಬಿಟ್ಟೆ.

ಸೊಪ್ಪು ಕತ್ತರಿಸುವ ಸದ್ದು ತಕ್ಷಣ ನಿಂತಿತು. ಚಿಲಕ ತೆಗೆದು ಆಕೆ ಬಂದರು, ಕೈಯಲ್ಲಿ ಸೊಪ್ಪು ಹಾಗೇ ಇತ್ತು. "ಏನಮ್ಮಾ, ಏನಾಯ್ತು?"

"ಏನಿಲ್ಲ. ಸುಮ್ಮನೆ ಕರೆದೆ."

ಆಕೆ ನನ್ನ ಮುಖ ನೋಡಿದರು, ಪೇರಿಸಿದ ಸಾಮಾನು ನೋಡಿದರು.

"ಹೋಗೋ ದಿನ ಕರೀತೀಯಲ್ಲಮ್ಮಾ" ಎಂದು ನನ್ನ ಪಕ್ಕದಲ್ಲಿ ಹಾಸಿಗೆ ಸುರುಳಿಯ ಮೇಲೆ ಕುಳಿತರು. ಟೆಂಪೊ ಬರುವವರೆಗೂ ಏಳಲಿಲ್ಲ.