ಕೆಂಪು ದೀಪ ಹತ್ತದ ಹಾಗೆ

ಔಷಧಿ ಅಂಗಡಿಯವನಿಗೆ ಅಳತೆಯ ಬುದ್ಧಿ ಹೇಳಬೇಕಾಗಿಲ್ಲ. ಪಿ.ಜೆ. ಬಡಾವಣೆಯ ನನ್ನ ಅಂಗಡಿಗೆ ಬಂದವರಿಗೆಲ್ಲ, ಐದು ಎಂ.ಎಲ್. ಅಂದರೆ ಐದೇ, ಬೇಗ ವಾಸಿಯಾಗಲಿ ಅಂತ ಹತ್ತು ಕುಡಿಸಬೇಡಿ ಎಂದು ಗದರುತ್ತಲೇ ಇರುತ್ತೇನೆ. ಅಂಥವನು ಗಿಟಾರ್ ಕೊಳ್ಳುವಾಗ ಮಾತ್ರ ಇದ್ದುದರಲ್ಲೇ ಅತಿ ಜೋರಿನದನ್ನು ಆರಿಸಿದೆ. ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಕೆಳಗೆ ಪಿಕಪ್ ಅಂತ ಇರುತ್ತದೆ. ತಂತಿ ನಡುಗಿದ್ದನ್ನು ಹಿಡಿದು ಕರೆಂಟು ಮಾಡಿ ಕಳಿಸುವುದು ಅದರ ಕೆಲಸ. ನನ್ನದರಲ್ಲಿದ್ದದ್ದು ಹಿಂದೆ ಅದನ್ನು ಬಾರಿಸುತ್ತಿದ್ದ ಆರ್ಕೆಸ್ಟ್ರಾದವನು ಹಾಕಿಸಿದ್ದ ಭಾರಿ ಪಿಕಪ್. ಬೆರಳು ತಾಗಿದರೆ ಸಾಕು, ಕಿರುಚುತ್ತಿತ್ತು. ಅದನ್ನೇ ದೊಡ್ಡಸ್ತಿಕೆ ಅಂತ ಹೇಳಿಕೊಂಡು ಮೆರೆಯುತ್ತಿದ್ದೆ.

ಆ ಮೆರೆತ ಇಳಿದದ್ದು ಅಕ್ಕನಿಂದ. ಆನೆಕೊಂಡದಲ್ಲಿರುವ ನನ್ನ ಅಕ್ಕನಿಗೆ ಕುತ್ತಿಗೆಯಲ್ಲಿ ಗಂಟಾಗಿ, ಥೈರಾಯ್ಡ್ ಆಪರೇಷನ್‌ಗೆ ಮುಂದಿನ ಗುರುವಾರ ನಿಗದಿಯಾಗಿತ್ತು. ದನಿಯ ನರ ಆ ಗ್ರಂಥಿಯ ಪಕ್ಕದಲ್ಲೇ ಹೋಗುತ್ತದೆ, ಬಹಳ ಮಂದಿಗೆ ಏನೂ ಆಗುವುದಿಲ್ಲ, ಕೆಲವರಿಗೆ ದನಿ ತಗ್ಗಬಹುದು ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಮೂರನೆಯ ದಿನ ಅಕ್ಕ ಅಂಗಡಿಗೇ ಬಂದು ನಿಂತಳು.

"ಅಜ್ಜಿ ಪದ ಒಂದು ರೆಕಾರ್ಡ್ ಮಾಡಿ ಇಟ್ಕೊಳ್ಳೋ ತಮ್ಮ. ಆಮೇಲೆ ಹೆಂಗೋ ಏನೋ."

ಅದು ಲೋಕಿಕೆರೆಯ ನಮ್ಮ ಅಜ್ಜಿ ಮದುವೆ ಮನೆಗಳಲ್ಲಿ ಹಾಡುತ್ತಿದ್ದ ಸೋಬಾನೆ ಪದ. ನಮ್ಮಲ್ಲಿ ಸೋಬಾನೆಯನ್ನು ಒಬ್ಬರೇ ಹಾಡುವ ರೂಢಿಯಿಲ್ಲ. ಒಬ್ಬಳು ಸಾಲು ಹೇಳಬೇಕು, ಉಳಿದವರು ಅದನ್ನು ಎತ್ತಿಕೊಳ್ಳಬೇಕು. ಹಾಗೆ ಎತ್ತಿಕೊಳ್ಳುತ್ತಿದ್ದ ಅತ್ತೆಯರು, ಚಿಕ್ಕಮ್ಮಂದಿರು ಈಗಿಲ್ಲ. ಕೆಲವು ವರ್ಷಗಳಿಂದ ಅಕ್ಕ ಹೇಳಿದ ಸಾಲನ್ನು ನನ್ನ ಗಿಟಾರೇ ಎತ್ತಿಕೊಳ್ಳುತ್ತಿತ್ತು. ಅದಿಲ್ಲದಿದ್ದರೆ ಅವಳ ಬಾಯಿಂದ ಎರಡನೇ ಸಾಲು ಹೊರಡುತ್ತಲೇ ಇರಲಿಲ್ಲ.

ಭಾನುವಾರ ಅವಳ ಮನೆಯಲ್ಲಿ ಕೂತೆವು. ಅವಳ ಮೈಕನ್ನೂ ನನ್ನ ಗಿಟಾರನ್ನೂ ಒಂದು ಸಣ್ಣ ಮಿಕ್ಸರ್‌ಗೆ ಹಾಕಿ ಲ್ಯಾಪ್‌ಟಾಪ್‌ಗೆ ಕೊಟ್ಟೆ. ಎರಡೂ ಬೆರೆತು ಒಂದಾಗಿ ಹೋಗುವ ವ್ಯವಸ್ಥೆ, ಆಮೇಲೆ ಬೇರ್ಪಡಿಸಲು ಬರುವುದಿಲ್ಲ. ಮೊದಲು ಮೆಲ್ಲಗೆ ಬಾರಿಸಿ ನೋಡಿದೆ, ಮಿಕ್ಸರಿನಲ್ಲಿ ಹಸಿರು ದೀಪ. ಅಕ್ಕ ಹಾಡತೊಡಗಿದ ಮೇಲೆ ನನ್ನ ಕೈ ಬಿರುಸಾಯಿತು, ಕೆಂಪು ದೀಪ ಹತ್ತಿತು, ಗಿಟಾರಿನ ದನಿ ಬರ್ರೆಂದು ಒಡೆದು ಅವಳ ಹಾಡಿನ ಮೇಲೆ ಬಿತ್ತು. ನಾನು ಹೆಡ್‌ಫೋನಿನ ತಿರುಗುಣಿ ತಗ್ಗಿಸಿದೆ. ನನ್ನ ಕಿವಿಗೆ ಕಡಿಮೆ ಕೇಳಿತು, ಒಡೆದದ್ದು ಒಡೆದೇ ಇತ್ತು. ಒಡೆದ ಹಾಲನ್ನು ಸಣ್ಣ ಲೋಟಕ್ಕೆ ಹಾಕಿದರೆ ಒಳ್ಳೆಯದಾಗುತ್ತದೆಯೇ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ವೈರು ಸರಿಯಿಲ್ಲ ಅಂದೆ, ಕರೆಂಟು ಸರಿಯಿಲ್ಲ ಅಂದೆ, ಕೊನೆಗೆ ಅಕ್ಕನಿಗೇ, ನೀನು ಸರಿಯಾಗಿ ಕೂತು ಹಾಡು ಎಂದು ಸಿಡುಕಿದೆ. ಆರು ಸಲ ಹಾಡಿದ ಅವಳ ಗಂಟಲು ಏಳನೆಯ ಸಲಕ್ಕೆ ಕಟ್ಟಿತು. ಅವಳು ಎದ್ದು ಚಹಾಕ್ಕಿಟ್ಟಳು. ಉಳಿದಿದ್ದ ಒಂದಿಷ್ಟು ದನಿಯನ್ನೂ ನಾನೇ ಹಾಳು ಮಾಡಿದೆನಲ್ಲ ಎಂದು ನಾಚಿಕೆಯಾಯಿತು.

ಮರುದಿನ ಅಂಗಡಿಗೆ ಬೀಗ ಹಾಕಿ, ಗಿಟಾರು ಮಿಕ್ಸರು ಹೊತ್ತು ಹರಿಹರದ ಬಸ್ಸು ಹತ್ತಿದೆ. ಅಲ್ಲಿ ಮದುವೆ, ಸಭೆಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುವ ವಯಸ್ಸಾದ ಯಜಮಾನರೊಬ್ಬರಿದ್ದಾರೆ ಎಂದು ಯಾರೋ ಹೇಳಿದ್ದರು. ಅವರು ಸ್ಪೀಕರ್‌ಗಳ ನಡುವೆ ಸ್ಟೂಲ್ ಹಾಕಿ ನನ್ನನ್ನು ಕೂರಿಸಿ, ಬಾರಿಸಲು ಹೇಳಿದರು. ಹಿರಿಯರ ಮುಂದೆ ಅಂತ ನಯವಾಗಿ ಬಾರಿಸಿದೆ. ಅವರು ನಕ್ಕರು. ಸಭೆಗಳಲ್ಲಿ ಹಲೋ ಹಲೋ ಅಂತ ಮೆತ್ತಗೆ ಅಂದು ಮೈಕ್ ಹೊಂದಿಸುತ್ತಾರೆ, ಆಮೇಲೆ ಭಾಷಣದವರು ಬಂದು ಅರಚಿದಾಗ ಕಿವಿ ಮುಚ್ಚಿಕೊಳ್ಳುತ್ತಾರೆ, ನಿಮ್ಮದೂ ಅದೇ ಕಥೆ ಎಂದರು. ಅಳತೆಯನ್ನು ಎಲ್ಲಕ್ಕಿಂತ ಜೋರಿನ ಪೆಟ್ಟಿನಿಂದ ತಗೋಬೇಕಂತೆ. ಜೋರಾಗಿ ಹೊಡೆದೆ. ಮಿಕ್ಸರಿನ ಗೇನ್, ಅಂದರೆ ಒಳಗೆ ಬರುವ ದನಿಯನ್ನು ಏರಿಸಿ ಇಳಿಸುವ ತಿರುಗುಣಿ, ಪೂರ್ತಿ ಇಳಿಸಿದರೂ ಕೆಂಪು ದೀಪ ಹೋಗಲಿಲ್ಲ.

ಅವರು ಸ್ಕ್ರೂಡ್ರೈವರ್ ತಂದು ಪಿಕಪ್ಪಿನ ಎರಡೂ ಬದಿಯ ಸ್ಕ್ರೂ ತಿರುಗಿಸಿ, ಅದನ್ನು ತಂತಿಗಳಿಂದ ದೂರಕ್ಕೆ ಇಳಿಸಿದರು. ಒಂದು ಸುತ್ತು, ಒಂದು ಪೆಟ್ಟು. ಇನ್ನೊಂದು ಸುತ್ತು, ಇನ್ನೊಂದು ಪೆಟ್ಟು. ಎಷ್ಟು ಬಿರುಸಾಗಿ ಹೊಡೆದರೂ ಹಳದಿಗೇ ನಿಂತ ಮೇಲೆ ಪಿಕಪ್ಪನ್ನು ಅಲ್ಲಿಂದಲೂ ಇನ್ನರ್ಧ ಸುತ್ತು ಕೆಳಗಿಳಿಸಿದರು. ಭಾಳ ಕಡಿಮೆ ಆಯಿತಲ್ಲ ಎಂದು ನಾನು ಗೊಣಗಿದೆ.

"ಕಡಿಮೆ ಇದ್ದದ್ದು ಆಮ್ಯಾಲೆ ಏರಿಸ್ಬೋದ್ರಿ. ಒಡೆದದ್ದು ಹೊಲಿಯಾಕೆ ಬರಲ್ಲ."

ಯಾರ ಹಾಡು ಎಂದು ಕೇಳಿದರು. ಅಕ್ಕನ ವಿಷಯ ಹೇಳಿದೆ. ಸ್ಕ್ರೂಡ್ರೈವರನ್ನು ಪಂಚೆಗೆ ಒರೆಸಿದರು.

"ಅಕ್ಕಾರ ಮೈಕಿಗೂ ಹಿಂಗೇ ದನಿ ಏರಾಕೆ ಜಾಗ ಬಿಟ್ಟಿರ್ರಿ. ಇನ್ನ ಹಾಡ್ತೀನೋ ಇಲ್ಲೋ ಅಂತ ಅನ್ಸಿದಾಗ ಮನುಷ್ಯ ತಾಲೀಮಿಗಿಂತ ಜೋರು ಹಾಡ್ತಾನೆ."

ಬುಧವಾರ ಬೆಳಿಗ್ಗೆ ಫ್ಯಾನು ಆರಿಸಿ, ಕುಕ್ಕರ್ ಇಳಿಸಿ, ಅಕ್ಕನ ಮೈಕಿನ ಗೇನನ್ನೂ ತಗ್ಗಿಸಿ ಕೂತೆವು. ಅವಳ ಗಂಟಲು ಬಿಟ್ಟಿತ್ತು. ಮೊದಲು ಅವಳಿಗೆ ಭಾನುವಾರದ ಸಿಡುಕಿಗೆ ತಪ್ಪಾಯಿತು ಅಂದೆ, ಅವಳು ಕೈ ಬೀಸಿಬಿಟ್ಟಳು. ಅವಳು ಒಂದೊಂದೇ ಸಾಲು ಹೇಳಿದಳು, ಗಿಟಾರು ಎತ್ತಿಕೊಂಡಿತು. ಒಂದೇ ಒಂದು ಸಲವೂ ಒಡೆಯಲಿಲ್ಲ. ಕೊನೆಯ ಸಾಲಿಗೆ ಬಂದಾಗ ಅಕ್ಕ ಕಣ್ಣು ಮುಚ್ಚಿ, ನಾನು ಎಂದೂ ಕೇಳದಷ್ಟು ಎತ್ತರಕ್ಕೆ ದನಿ ಒಯ್ದಳು. ಕೆಂಪು ಹತ್ತಿಯೇ ಬಿಡುತ್ತದೆ ಎಂದು ದೀಪವನ್ನೇ ನೋಡಿದೆ. ಹಳದಿ ಒಮ್ಮೆ ಮಿನುಗಿ ಹೋಯಿತು, ಅಷ್ಟೇ. ಹರಿಹರದ ಆ ಯಜಮಾನರಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಆ ಭರದಲ್ಲಿ ನನ್ನ ಕೈ ನಿಂತುಬಿಟ್ಟಿತ್ತು. ಕೊನೆಯ ಸಾಲನ್ನು ನಾನು ಎತ್ತಿಕೊಳ್ಳಲೇ ಇಲ್ಲ. ಇನ್ನೊಮ್ಮೆ ಮಾಡೋಣ ಅಂದರೆ ಅಕ್ಕ ಬೇಡವೆಂದಳು. ಅವಳಿಗೆ ಸುಸ್ತಾಗಿತ್ತು.

ಆಪರೇಷನ್ ಚೆನ್ನಾಗಿಯೇ ಆಯಿತು. ಅಕ್ಕ ಗುಣವಾದಳು, ಅದಕ್ಕೆ ಡಾಕ್ಟರರ ಋಣವೂ ನನ್ನ ಮೇಲಿದೆ. ದನಿ ಮಾತ್ರ ತಗ್ಗಿತು. ಆ ಎತ್ತರಕ್ಕೆ ಇನ್ನು ಹೋಗುವುದಿಲ್ಲ. ಎರಡು ತಿಂಗಳು ಅವಳು ರೆಕಾರ್ಡಿಂಗ್ ಕೇಳಲು ಒಪ್ಪಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ.

ಹೋದ ವಾರ ಅವರೆಕಾಯಿ ಸುಲಿಯುತ್ತ ಕೂತಿದ್ದವಳು ತಾನಾಗಿಯೇ, ಹಚ್ಚು ನೋಡೋಣ ಅಂದಳು. ಹಚ್ಚಿದೆ. ತಲೆಯೆತ್ತದೆ ಕೇಳಿದಳು. ಕೊನೆಯ ಸಾಲು ಏರಿತು, ಮುಗಿಯಿತು, ನನ್ನ ಗಿಟಾರು ಬರಬೇಕಾದಲ್ಲಿ ಖಾಲಿ ಬಂತು. ನನಗೆ ಎಂದಿನಂತೆ ಮುಜುಗರವಾಯಿತು. ಅಷ್ಟರಲ್ಲಿ ಅಕ್ಕ, ಕೈಯಲ್ಲಿದ್ದ ಕಾಯಿ ಹಾಗೇ ಹಿಡಿದು, ತನ್ನ ಈಗಿನ ತಗ್ಗು ದನಿಯಲ್ಲಿ ಆ ಸಾಲನ್ನು ಎತ್ತಿಕೊಂಡಳು.